ಸದ್ದಡಗಿದ ಮೇಲೆ ಹೋಗುವವರು

ನಮ್ಮ ಬಂಡ್ರಿ ಇರುವುದು ಸಂಡೂರು ತಾಲ್ಲೂಕಿನಲ್ಲಿ. ಸಂಡೂರೆಂದರೆ ಅದಿರು, ಅದಿರೆಂದರೆ ಮದ್ದು. ದೋಣಿಮಲೈ ಗಣಿ 1977ರಲ್ಲಿ ಶುರುವಾಯಿತು. ಅದಕ್ಕೂ ಮೊದಲಿನಿಂದ ಈ ಗುಡ್ಡಗಳಲ್ಲಿ ಗಣಿಗಳಿದ್ದವು. ಹಾಗಾಗಿ ಬಂಡೆ ಸಿಡಿಯುವ ಸದ್ದು ಈ ತಾಲ್ಲೂಕಿನ ಹೆಂಗಸರಿಗೆ ಹೊಸದಲ್ಲ. ಗಣಿಯಲ್ಲಿ ಇದಕ್ಕೊಂದು ಕ್ರಮವಿದೆ. ಮದ್ದು ಹಾರಿಸುವ ಮುಂಚೆ ಸೈರನ್ ಕೂಗುತ್ತದೆ, ಎಲ್ಲರೂ ದೂರ ಸರಿಯುತ್ತಾರೆ. ಸದ್ದಾಗಿ, ಧೂಳು ಕುಳಿತ ಮೇಲೂ ಕೂಲಿಯವರು ಒಳಗೆ ಕಾಲಿಡುವಂತಿಲ್ಲ. ಮೊದಲು ಹೋಗುವವನು ಬ್ಲಾಸ್ಟರ್. ಕೊರೆದ ಕುಳಿಗಳೆಲ್ಲ ಹಾರಿವೆಯೇ, ಯಾವುದರಲ್ಲಾದರೂ ಮದ್ದು ಹಾಗೇ ಉಳಿದಿದೆಯೇ ಎಂದು ಅವನು ನೋಡಿ ಬಂದ ಮೇಲೆಯೇ ಉಳಿದವರ ಕೆಲಸ.

ಲೆಫ್ಟಿನೆಂಟ್ ಕರ್ನಲ್ ಇ.ಕೆ. ನಿರಂಜನ್ ಅವರ ಕೆಲಸವೂ ಇದೇ ಜಾತಿಯದು. ಎಲ್ಲರೂ ಇನ್ನೇನು ಮುಗಿಯಿತು ಎಂದುಕೊಳ್ಳುವಾಗ ಅವರ ಸರದಿ ಬರುತ್ತಿತ್ತು.

2016ರ ಜನವರಿ 2ರ ಬೆಳಗಿನ ಜಾವ ಪಂಜಾಬಿನ ಪಠಾಣ್‌ಕೋಟ್ ವಾಯುನೆಲೆಗೆ ಉಗ್ರರು ನುಗ್ಗಿದರು. ಆ ಹೋರಾಟದಲ್ಲಿ ನಮ್ಮ ಏಳು ಜನ ಯೋಧರು ಪ್ರಾಣ ಕೊಟ್ಟರು. ನಿರಂಜನ್ ಅವರಲ್ಲೊಬ್ಬರು. ರಾಷ್ಟ್ರೀಯ ಭದ್ರತಾ ದಳದ ಬಾಂಬ್ ನಿಷ್ಕ್ರಿಯ ತಂಡದಲ್ಲಿ ಅವರು ಅಧಿಕಾರಿ. ಗುಂಡಿಗೆ ಬಲಿಯಾಗಿ ಬಿದ್ದ ಉಗ್ರರ ಮೈಮೇಲೆ, ಚೀಲಗಳಲ್ಲಿ ಸಿಡಿಯದೆ ಉಳಿದ ಗ್ರೆನೇಡುಗಳನ್ನು ತೆಗೆಯದೆ ಯಾರೂ ಆ ಶವಗಳ ಹತ್ತಿರ ಹೋಗುವಂತಿರಲಿಲ್ಲ. ಜನವರಿ 3ರಂದು ಆ ಕೆಲಸದಲ್ಲಿದ್ದಾಗಲೇ ಒಂದು ಗ್ರೆನೇಡ್ ಸಿಡಿದು ಅವರು ತೀರಿಕೊಂಡರು. ವಯಸ್ಸು ಮೂವತ್ತೈದರ ಆಸುಪಾಸು. ಮನೆಯಲ್ಲಿ ದಂತವೈದ್ಯೆಯಾದ ಪತ್ನಿ, ಎರಡು ವರ್ಷ ತುಂಬದ ಮಗಳು.

ಅವರ ಮೂಲ ಕೇರಳದ ಪಾಲಕ್ಕಾಡ್ ಜಿಲ್ಲೆಯ ಎಳಂಬುಲಾಶ್ಶೇರಿ. ಆದರೆ ಕುಟುಂಬ ನೆಲೆನಿಂತದ್ದು ಬೆಂಗಳೂರಿನಲ್ಲಿ. ಹಾಗಾಗಿ ಅವರ ಪಾರ್ಥಿವ ಶರೀರ ಮೊದಲು ಬೆಂಗಳೂರಿಗೆ ಬಂತು. ಜಾಲಹಳ್ಳಿಯಲ್ಲಿ ಜನ ಸಾಲುಗಟ್ಟಿ ನಿಂತು ಕೈಮುಗಿದರು. ಅಂತ್ಯಕ್ರಿಯೆ ಮೂಲ ಊರಿನಲ್ಲಿ ನಡೆಯಿತು. ಮರಣಾನಂತರ ಅವರಿಗೆ ಶೌರ್ಯ ಚಕ್ರ ಸಂದಿತು.

ಇದೇ ದಳದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರನ್ನು ನೀವೆಲ್ಲ ಬಲ್ಲಿರಿ. ಅವರೂ ಮಲಯಾಳಿ ಮನೆತನದವರು, ಬೆಂಗಳೂರಿನಲ್ಲಿ ಬೆಳೆದವರು. 2008ರ ನವೆಂಬರಿನಲ್ಲಿ ಮುಂಬಯಿಯ ತಾಜ್ ಹೋಟೆಲಿನಲ್ಲಿ ಹೋರಾಡುತ್ತ ಮಡಿದರು. ಅವರಿಗೆ ಅಶೋಕ ಚಕ್ರ ಸಂದಿತು, ಅವರ ಕಥೆ ಸಿನಿಮಾ ಆಯಿತು, ಶಾಲೆಯ ಮಕ್ಕಳಿಗೂ ಅವರ ಹೆಸರು ಗೊತ್ತು. ಗೊತ್ತಿರಬೇಕಾದ್ದೇ. ಆದರೆ ನಿರಂಜನ್ ಅವರ ಹೆಸರು ಹೇಳಿದರೆ ಅನೇಕರು ಸ್ವಲ್ಪ ಹೊತ್ತು ಯೋಚಿಸುತ್ತಾರೆ. ಯಾಕೆ ಹೀಗೆ?

ಎದುರಿಗೆ ನಿಂತ ಶತ್ರುವಿನ ಮೇಲೆ ಗುಂಡು ಹಾರಿಸುವವನ ಧೈರ್ಯ ನಮ್ಮ ಕಣ್ಣಿಗೆ ಕಟ್ಟುತ್ತದೆ. ಬಾಂಬಿನ ಮುಂದೆ ಮೊಣಕಾಲೂರಿ ಕುಳಿತವನ ಎದುರು ಯಾರೂ ಇಲ್ಲ. ಅವನ ಕೆಲಸ ಸರಿಯಾಗಿ ನಡೆದರೆ ಏನೂ ಆಗುವುದಿಲ್ಲ. ಏನೂ ಆಗದಿರುವುದೇ ಅವನ ಗೆಲುವು. ಕುದಿವ ಹಾಲಿನ ಪಾತ್ರೆಯನ್ನು ಮಗುವಿನ ಕೈಗೆಟುಕದಂತೆ ದಿನಾ ಹಿಂದಕ್ಕೆ ಸರಿಸುವ ತಾಯಿಗೆ ಯಾರಾದರೂ ಶಹಬ್ಬಾಸ್ ಎಂದದ್ದುಂಟೇ? ಆಗದೇ ಹೋದ ಅನಾಹುತವನ್ನು ಯಾರೂ ಲೆಕ್ಕ ಇಡುವುದಿಲ್ಲ.

ಈ ಕೆಲಸಕ್ಕೆ ನಮ್ಮ ಸೈನ್ಯದಲ್ಲಿ ದೊಡ್ಡ ಪರಂಪರೆಯೇ ಇದೆ. ಎರಡನೇ ಮಹಾಯುದ್ಧದಲ್ಲಿ, 1941ರ ಫೆಬ್ರವರಿಯ ಆರಂಭದ ದಿನಗಳಲ್ಲಿ, ಪ್ರೇಮಿಂದ್ರ ಸಿಂಗ್ ಭಗತ್ ಎಂಬ ತರುಣ ಅಧಿಕಾರಿ ಇಥಿಯೋಪಿಯಾದ ರಸ್ತೆಯಲ್ಲಿ ನಾಲ್ಕು ದಿನ ಮುಂಜಾನೆಯಿಂದ ಕತ್ತಲಾಗುವವರೆಗೆ 55 ಮೈಲಿ ಉದ್ದಕ್ಕೂ ನೆಲಬಾಂಬುಗಳನ್ನು ತೆಗೆಸಿದರು. ಅವರು ಕುಳಿತ ಗಾಡಿ ಎರಡು ಸಲ ಸಿಡಿಯಿತು; ಕಿವಿಯ ತಮಟೆ ಹರಿಯಿತು. ಆದರೂ ಕೆಲಸ ಬಿಡಲಿಲ್ಲ. ಅವರಿಗೆ ವಿಕ್ಟೋರಿಯಾ ಕ್ರಾಸ್ ಬಂತು. ಬೆಂಗಳೂರಿನ ಹಲಸೂರು ಕೆರೆಯ ಬಳಿ ನೆಲೆಯಿರುವ, 1780ರಲ್ಲಿ ಹುಟ್ಟಿದ ಮದ್ರಾಸ್ ಸ್ಯಾಪರ್ಸ್ ಪಡೆಯ ಸುಬೇದಾರ್ ಸುಬ್ರಮಣಿಯನ್ ಇನ್ನೊಬ್ಬರು. 1944ರ ಫೆಬ್ರವರಿ 24ರಂದು ಇಟಲಿಯಲ್ಲಿ ನೆಲಬಾಂಬು ತೆರವು ಮಾಡುವಾಗ ಒಂದು ಬಾಂಬು ಸಿಡಿಯುವ ಸೂಚನೆ ಕಂಡಿತು. ಉಳಿದದ್ದು ಕೆಲವೇ ಕ್ಷಣ. ಅವರು ಅದರ ಮೇಲೆ ಬಿದ್ದು ಜೊತೆಗಾರರನ್ನು ಉಳಿಸಿದರು. ಅವರಿಗೆ ಮರಣಾನಂತರ ಜಾರ್ಜ್ ಕ್ರಾಸ್ ಕೊಟ್ಟರು.

ನಿರಂಜನ್ ತೀರಿಕೊಂಡ ಮೇಲೆ, ಕಣ್ಣೀರು ಆರುವ ಮೊದಲೇ, ಒಂದು ಪ್ರಶ್ನೆ ಎದ್ದಿತ್ತು. ಗ್ರೆನೇಡ್ ತೆಗೆಯುವಾಗ ನಿಯಮಗಳನ್ನೆಲ್ಲ ಪಾಲಿಸಿದ್ದರೇ? ರಕ್ಷಣೆಯ ದಿರಿಸು ತೊಟ್ಟಿದ್ದರೇ? ಪತ್ರಿಕೆಗಳಲ್ಲೂ ಟಿವಿಯಲ್ಲೂ ಇದೇ ಮಾತು. ಎಳೆ ಮಗುವನ್ನು ಎತ್ತಿಕೊಂಡು ನಿಂತ ಹೆಂಡತಿಯ ಕಿವಿಗೆ ಇದು ಹೇಗೆ ಕೇಳಿಸಿರಬೇಕು ಎಂದು ನೆನೆದರೆ ಸಂಕಟವಾಗುತ್ತದೆ. ಹಾಗೆಂದು ಆ ಪ್ರಶ್ನೆಯನ್ನೇ ಕೇಳಬಾರದೇ? ಇದಕ್ಕೆ ಉತ್ತರ ನನಗೆ ಒಬ್ಬ ಹೆಣ್ಣುಮಗಳ ಕಥೆಯಲ್ಲಿ ಸಿಕ್ಕಿತು.

ಆಕೆಯ ಹೆಸರು ಐಲೀನ್ ಬೆರಿಲ್ ಮಾರ್ಡನ್. ಜರ್ಮನ್ ವಿಮಾನಗಳು ಇಂಗ್ಲೆಂಡಿನ ಮೇಲೆ ಬಾಂಬು ಸುರಿಯುತ್ತಿದ್ದ ಕಾಲ. ಸಿಡಿಯದೆ ನೆಲದಲ್ಲಿ ಹೂತ ಬಾಂಬುಗಳ ಗುಟ್ಟು ಯಾರಿಗೂ ಪೂರ್ತಿ ತಿಳಿದಿರಲಿಲ್ಲ. ಸಫೋಕ್ ಪ್ರಾಂತ್ಯದ ಅರ್ಲ್ ಪದವಿಯ ಶ್ರೀಮಂತರೊಬ್ಬರು ಅವನ್ನು ಬಿಚ್ಚುವ ಕೆಲಸಕ್ಕೆ ಇಳಿದಿದ್ದರು. ಮಾರ್ಡನ್ ಅವರ ಕಾರ್ಯದರ್ಶಿ. ಅವರು ಬಾಂಬಿನ ಪಕ್ಕ ಕುಳಿತು ಏನೇನು ಮಾಡುತ್ತಿದ್ದೇನೆ ಎಂದು ಒಂದೊಂದೇ ಹೇಳುತ್ತಿದ್ದರು. ಆಕೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಯಾಕೆ? ನಾಳೆ ತಾವು ಉಳಿಯದಿದ್ದರೆ, ಎಲ್ಲಿಯವರೆಗೆ ಸರಿಯಾಗಿತ್ತು, ಎಲ್ಲಿ ತಪ್ಪಿತು ಎಂಬುದು ಮುಂದೆ ಬರುವವನಿಗೆ ಗೊತ್ತಾಗಲಿ ಎಂದು. 34 ಬಾಂಬುಗಳು ಹೀಗೆ ಶಾಂತವಾದವು. 1941ರ ಮೇ 12ರಂದು ಮೂವತ್ತೈದನೆಯದು ಸಿಡಿಯಿತು. ಅರ್ಲ್, ಮಾರ್ಡನ್, ಅವರ ಡ್ರೈವರ್ ಫ್ರೆಡ್ ಹಾರ್ಡ್ಸ್ ಮೂವರೂ ತೀರಿಕೊಂಡರು.

ಮೂವತ್ತನಾಲ್ಕು ಬಾರಿ ಗೆದ್ದವರು ಮೂವತ್ತೈದನೆಯ ಬಾರಿ ಹೋದರು. ಅವರನ್ನು ಅಜಾಗರೂಕರು ಎನ್ನುವುದು ಸಾಧ್ಯವೇ? ಈ ವಿದ್ಯೆಯನ್ನು ಕಲಿಸಿದ್ದೇ ಹೀಗೆ ಹೋದವರು. ಅದಕ್ಕೇ ನಿರಂಜನ್ ಅವರ ವಿಷಯದಲ್ಲಿ ಎದ್ದ ಪ್ರಶ್ನೆಯಲ್ಲಿ ಎರಡು ಬಗೆಯುಂಟು ಎನ್ನಿಸುತ್ತದೆ. ಸತ್ತವನ ತಲೆಗೆ ತಪ್ಪು ಕಟ್ಟಿ ಉಳಿದವರು ನಿಶ್ಚಿಂತರಾಗಲು ಕೇಳುವುದು ಒಂದು. ಇನ್ನೊಬ್ಬ ತಾಯಿಯ ಮಗ ಅದೇ ಜಾಗದಲ್ಲಿ ಬಲಿಯಾಗದಿರಲಿ ಎಂದು ಕೇಳುವುದು ಇನ್ನೊಂದು. ಎರಡನೆಯದು ಮಾರ್ಡನ್ ಅವರ ಪುಸ್ತಕದಂತೆ. ಅದು ವೀರನಿಗೆ ಅಗೌರವವಲ್ಲ. ಅವನು ಬಿಟ್ಟುಹೋದ ಕೆಲಸವನ್ನು ಮುಂದುವರಿಸುವುದು.

ನಮ್ಮಂಥ ಊರುಗಳ ಹೆಂಗಸರು ಇದರಲ್ಲಿ ಮಾಡಬಹುದಾದದ್ದೂ ಇದೆ. ರಸ್ತೆಗೆ ಹೆಸರಿಡುವುದು, ಪ್ರತಿಮೆ ನಿಲ್ಲಿಸುವುದು ದೊಡ್ಡವರ ಕೆಲಸ. ಆದರೆ ಹೊಸಪೇಟೆಯ ರೈಲು ನಿಲ್ದಾಣದಲ್ಲೋ ಬಸ್ ನಿಲ್ದಾಣದಲ್ಲೋ ವಾರಸುದಾರರಿಲ್ಲದ ಚೀಲ ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ ಎಂಬ ಸೂಚನೆಯನ್ನು ನಾವು ಕಡಲೆಕಾಯಿ ಸುಲಿಯುತ್ತ ಕೇಳಿಯೂ ಕೇಳದಂತಿರುತ್ತೇವೆ. ಇನ್ನು ಮುಂದೆ ಹಾಗೆ ಮಾಡದಿರೋಣ. ಪಕ್ಕದಲ್ಲಿ ಕುಳಿತ ಮಗು ಯಾಕಮ್ಮ ಮುಟ್ಟಬಾರದು ಎಂದು ಕೇಳಿದರೆ, ಅದನ್ನು ಬಿಚ್ಚುವುದಕ್ಕೆ ಬೇರೆಯವರಿದ್ದಾರೆ ಎಂದು ಹೇಳಿ, ನಿರಂಜನ್ ಅವರ ಹೆಸರನ್ನೂ 2016ರ ಜನವರಿ 3 ಎಂಬ ತಾರೀಖನ್ನೂ ಹೇಳಿಕೊಡೋಣ.