ಮಂಗಳವಾದ್ಯದ ಸಂಭಾವನೆ: ಪಾಲಿನಿಂದ ಕರಾರಿನವರೆಗೆ

ಮದುವೆಯ ಮನೆಯಲ್ಲಿ ಎಲ್ಲರ ಲೆಕ್ಕವೂ ಮೊದಲೇ ಗೊತ್ತಾಗಿರುತ್ತದೆ. ಚಪ್ಪರದವರಿಗೆ ಇಂತಿಷ್ಟು, ಅಡುಗೆಯವರಿಗೆ ಎಲೆಯೊಂದಕ್ಕೆ ಇಂತಿಷ್ಟು ಎಂದು ಬರೆದಿಟ್ಟುಕೊಳ್ಳುವ ಯಜಮಾನರು ವಾದ್ಯದವರಿಗೆ ಮಾತ್ರ “ನುಡಿಸಿರಿ, ಕೊಡೋಣ” ಎನ್ನುತ್ತಾರೆ. ಧಾರೆಗೆಂದು ಬಂದವರು ವರಪೂಜೆಗೂ ನುಡಿಸುತ್ತಾರೆ, ಬೀಗರ ದಿಬ್ಬಣವನ್ನು ಎದುರುಗೊಳ್ಳುತ್ತಾರೆ, ರಾತ್ರಿಯ ಮೆರವಣಿಗೆಯಲ್ಲಿಯೂ ನಡೆಯುತ್ತಾರೆ. ಕೊನೆಗೆ ಹಣ ಕೈಗೆ ಬಂದಾಗ ಎರಡೂ ಕಡೆಯವರ ಮುಖ ಬಾಡುತ್ತದೆ. ಹೀಗೆ ಹೆಚ್ಚಾಗಿ ಸಲ್ಲಿಸಿದ ಸೇವೆಗೆ ಬೆಲೆ ಕಟ್ಟುವುದು ಹೇಗೆ? ಪ್ರಶ್ನೆ ಚಿಕ್ಕದಾಗಿ ಕಂಡರೂ ಅದರ ಹಿಂದೆ ಸಾವಿರ ವರ್ಷಗಳಿಗೂ ಮೀರಿದ ಚರಿತ್ರೆಯಿದೆ.

ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವಳು ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ಎಂಟನೆಯ ಶತಮಾನದ ಆ ದೇವಾಲಯದ ಒಂದು ಶಾಸನದಲ್ಲಿ ಗಾಯಕರ ಪ್ರಸ್ತಾಪವಿದೆ. ತನ್ನ ಮಾವನಾದ ವಿಜಯಾದಿತ್ಯನು ಅವರಿಗೆ ಮಾಡಿಕೊಟ್ಟಿದ್ದ ಕಟ್ಟಳೆಯನ್ನು ರಾಣಿಯು ಊರ್ಜಿತಗೊಳಿಸಿದಳೆಂದು ಅದು ತಿಳಿಸುತ್ತದೆ. ಆಳುವವರು ಬದಲಾದರೂ ಕಲಾವಿದರಿಗೆ ಕೊಟ್ಟ ಮಾತು ಬದಲಾಗಬಾರದೆಂಬ ಎಚ್ಚರ ಇಲ್ಲಿ ಕಾಣುತ್ತದೆ.

ತಂಜಾವೂರಿನ ಬೃಹದೀಶ್ವರ ದೇವಾಲಯದಲ್ಲಿ ಒಂದನೆಯ ರಾಜರಾಜ ಚೋಳನ ಕಾಲದ, ಸುಮಾರು 1014ರ ಶಾಸನವು ಇನ್ನೂ ಸ್ಪಷ್ಟವಾಗಿದೆ. 400 ಮಂದಿ ನರ್ತಕಿಯರನ್ನೂ, ಗಾಯಕರು ಹಾಗೂ ವಾದ್ಯಗಾರರು ಮೊದಲಾದವರನ್ನೂ ಅದು ಪಟ್ಟಿ ಮಾಡುತ್ತದೆ. ಒಂದು ಪಾಲೆಂದರೆ ವರ್ಷಕ್ಕೆ 100 ಕಲಂ ಭತ್ತ. ಹೊಣೆಗೆ ತಕ್ಕಂತೆ ಕೆಲವರಿಗೆ ಒಂದಕ್ಕಿಂತ ಹೆಚ್ಚು ಪಾಲುಂಟು. ಭತ್ತವನ್ನು ಯಾವ ಕೊಳಗದಿಂದ ಅಳೆಯಬೇಕೆಂಬುದನ್ನೂ ಅದರ ಹೆಸರು ಸಹಿತ ಕೆತ್ತಲಾಗಿದೆ. ಸೇವೆಯವನು ಮೃತನಾದರೆ ಹತ್ತಿರದ ಬಂಧುವಿಗೆ ಆ ಪಾಲು ಸಲ್ಲಬೇಕು; ಬಂಧುವಿಗೆ ವಿದ್ಯೆ ಬಾರದಿದ್ದರೆ ಬಲ್ಲವನನ್ನು ನೇಮಿಸಬೇಕು. ಪಡೆಯುವುದೆಷ್ಟು, ಮಾಡುವುದೇನು ಎಂಬೆರಡೂ ಒಂದೇ ಕಲ್ಲಿನ ಮೇಲಿವೆ.

ಹಳ್ಳಿಗಳಲ್ಲಿ ಇದೇ ಕ್ರಮವು ಚಿಕ್ಕ ಪ್ರಮಾಣದಲ್ಲಿ ನಡೆದುಬಂದಿತು. ದೇವಸ್ಥಾನದಲ್ಲಿ ಓಲಗದ ಸೇವೆ ಸಲ್ಲಿಸುವ ಮನೆತನಕ್ಕೆ ಉಂಬಳಿಯ ಹೊಲ ಇರುತ್ತಿತ್ತು. ಕೆಲವು ಊರುಗಳಲ್ಲಿ ಸುಗ್ಗಿಯ ಕಣದಲ್ಲಿ ಕಾಳಿನ ಪಾಲೂ ಸಿಗುತ್ತಿತ್ತು. ತುಳುನಾಡಿನಲ್ಲಿ ದೇವಾಡಿಗರು, ಇತರ ಸೀಮೆಗಳಲ್ಲಿ ಬೇರೆ ಬೇರೆ ಮನೆತನಗಳವರು ಈ ಸೇವೆಯನ್ನು ಕುಲವೃತ್ತಿಯಾಗಿ ನಡೆಸಿದರು. ಊರಿನ ಮದುವೆಗೆ ಅವರನ್ನು ವೀಳ್ಯ ಕೊಟ್ಟು ಕರೆಯುವುದು ವಾಡಿಕೆ. ಊಟ, ಬಟ್ಟೆ, ತಾಂಬೂಲದೊಡನೆ ಒಂದಿಷ್ಟು ಹಣ ಸಲ್ಲುತ್ತಿತ್ತು. ಒಂದು ಜಾವ ಹೆಚ್ಚಾಗಿ ನುಡಿಸಿದರೂ ಲೆಕ್ಕ ಕೇಳುತ್ತಿರಲಿಲ್ಲ. ಏಕೆಂದರೆ ಹೊಟ್ಟೆಗೆ ಹೊಲವಿತ್ತು. ಆದರೆ ಈ ವ್ಯವಸ್ಥೆಯನ್ನು ಕೇವಲ ಹೊಗಳುವುದು ನ್ಯಾಯವಲ್ಲ. ಕರೆದಾಗ ಬಾರೆನೆಂದು ಹೇಳುವ ಸ್ವಾತಂತ್ರ್ಯ ಆ ಮನೆತನಗಳಿಗೆ ಅಷ್ಟಾಗಿ ಇರಲಿಲ್ಲ.

ಸ್ವಾತಂತ್ರ್ಯಾನಂತರ ಈ ತಳಹದಿ ಬದಲಾಯಿತು. ಮೈಸೂರು ಸಂಸ್ಥಾನದಲ್ಲಿ 1954ರ ಮತ್ತು 1955ರ ಕಾಯಿದೆಗಳು ಇನಾಮುಗಳನ್ನು ರದ್ದುಪಡಿಸಿದವು. 1955ರ ಕಾಯಿದೆಯು ಧಾರ್ಮಿಕ ಇನಾಮುಗಳಿಗೇ ಸಂಬಂಧಿಸಿದ್ದು. ದೇವಸ್ಥಾನಗಳಿಗೆ ಭೂಮಿಯ ಬದಲು ತಸ್ತೀಕಿನ ಹಣ ಬಂದಿತು. ಭೂಸುಧಾರಣೆಯ ಉದ್ದೇಶ ನ್ಯಾಯವಾದುದೇ; ಆದರೆ ಉಂಬಳಿಯ ಆಸರೆ ತಪ್ಪಿದ ವಾದ್ಯಗಾರನಿಗೆ ಮದುವೆಯ ಸಂಭಾವನೆಯೇ ಮುಖ್ಯ ಜೀವನಾಧಾರವಾಯಿತು. ಭೂಮಿಯ ಲೆಕ್ಕ ಮುಗಿದರೂ ಮದುವೆಯ ಮನೆಗಳು ಹಳೆಯ ವೀಳ್ಯದ ಲೆಕ್ಕವನ್ನೇ ಮುಂದುವರಿಸಿದವು. ವಿವಾದದ ಮೂಲ ಇಲ್ಲಿದೆ.

ಕಲೆಗೆ ಗೌರವ ಹೆಚ್ಚದೆ ಇರಲಿಲ್ಲ. 1977ರ ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ ರಾಜಕುಮಾರರ ಪಾತ್ರಕ್ಕಾಗಿ ಉಸ್ತಾದ್ ಬಿಸ್ಮಿಲ್ಲಾ ಖಾನರು ಶಹನಾಯಿ ನುಡಿಸಿದರು. 2001ರಲ್ಲಿ ಅವರಿಗೆ ಭಾರತರತ್ನ ಸಂದಿತು. ಆದರೆ ಹಳ್ಳಿಯ ಶಹನಾಯಿಯವನ ಸಂಭಾವನೆಯ ಕ್ರಮಕ್ಕೆ ಇದರಿಂದ ಸ್ಪಷ್ಟತೆ ಬರಲಿಲ್ಲ. ಬ್ಯಾಂಡು, ಧ್ವನಿವರ್ಧಕ, ಕ್ಯಾಸೆಟ್ಟುಗಳು ಒಂದೊಂದಾಗಿ ಬಂದವು. ಕೇಳುವವರ ಬೇಡಿಕೆಗಳೂ ಬೆಳೆದವು. ಕಾನೂನೂ ಈ ವೃತ್ತಿಯನ್ನು ಮುಟ್ಟಿದೆ. ಹಕ್ಕುಸ್ವಾಮ್ಯ ಕಾಯಿದೆಯ 1994ರ ತಿದ್ದುಪಡಿಯು ಮದುವೆಯ ಮೆರವಣಿಗೆಯಲ್ಲಿಯೂ ಸಂಬಂಧಿಸಿದ ಸಮಾರಂಭಗಳಲ್ಲಿಯೂ ಹಾಡುಗಳನ್ನು ನುಡಿಸುವುದಕ್ಕೆ ವಿನಾಯಿತಿ ನೀಡಿತು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸಿದವು. ಆದುದರಿಂದ ರಾತ್ರಿಯ ಮೆರವಣಿಗೆಯನ್ನು ಒಪ್ಪುವಾಗ ಹಣವನ್ನಷ್ಟೇ ಅಲ್ಲದೆ ಹೊತ್ತನ್ನೂ ನಿಶ್ಚಯಿಸಬೇಕಾಗುತ್ತದೆ.

ಹಾಗಾದರೆ ನ್ಯಾಯವಾದ ಬೆಲೆ ಯಾವುದು? ನಾಲ್ಕು ಗಂಟೆಯ ಧಾರೆಗೆ 10,000 ರೂಪಾಯಿ ಗೊತ್ತಾಗಿದೆ ಎಂದು ಭಾವಿಸೋಣ. ಎರಡು ಗಂಟೆ ಹೆಚ್ಚಿದರೆ ತ್ರೈರಾಶಿಯಂತೆ 5,000 ಆಗುತ್ತದೆ. ಆದರೆ ಮೊದಲಿನ ಮೊತ್ತದಲ್ಲಿ ಪ್ರಯಾಣದ ಖರ್ಚು ಸೇರಿದ್ದರೆ ಅದನ್ನು ಮತ್ತೆ ಸೇರಿಸಬೇಕಾಗಿಲ್ಲ. ಮೇಳದವರಿಗೆ ಕೊನೆಯ ಬಸ್ಸು ತಪ್ಪುವುದಾದರೆ ವಾಹನದ ಹಾಗೂ ತಂಗುವ ಖರ್ಚನ್ನು ಮನೆಯವರೇ ವಹಿಸಬೇಕು. ಇನ್ನೊಬ್ಬ ಡೋಲಿನವನನ್ನು ಕೇಳಿದರೆ ಅವನ ಪಾಲು ಪ್ರತ್ಯೇಕ. ಹೊತ್ತು, ಜನ, ದೂರ ಎಂಬ ಮೂರು ಅಳತೆಗಳನ್ನು ಸಂಚಕಾರ ಕೊಡುವ ದಿನವೇ ಒಂದು ಹಾಳೆಯಲ್ಲಿ ಬರೆದರೆ ತಕರಾರಿಗೆ ಎಡೆಯಿಲ್ಲ. ಬೀಗರು ಸಂತೋಷದಿಂದ ಕೊಡುವ ಖುಷಿಯ ಹಣವನ್ನು ಕೂಲಿಯಲ್ಲಿ ಕಳೆಯುವುದು ಸಲ್ಲದು; ಖುಷಿಯ ಹಣ ಬರುತ್ತದೆಂದು ಕೂಲಿಯನ್ನು ಇಳಿಸುವುದೂ ಸಲ್ಲದು.

ಇಲ್ಲಿ ಎರಡು ಬಗೆಯ ಅನ್ಯಾಯಗಳು ಸಾಧ್ಯ. ಮುಹೂರ್ತ ಸಮೀಪಿಸಿದಾಗ ಗಟ್ಟಿಮೇಳವನ್ನು ತಡೆದು ಹೆಚ್ಚು ಕೇಳುವುದು ವಾದ್ಯದವನ ಅನ್ಯಾಯ. ಎಲ್ಲವನ್ನೂ ನುಡಿಸಿಕೊಂಡು, ಚಪ್ಪರ ಬಿಚ್ಚುವಾಗ “ಇಷ್ಟೇ ಇರುವುದು” ಎನ್ನುವುದು ಯಜಮಾನನ ಅನ್ಯಾಯ. ಮೊದಲನೆಯದನ್ನು ಊರೆಲ್ಲ ಆಡಿಕೊಳ್ಳುತ್ತದೆ. ಎರಡನೆಯದು ಬಡವನ ಮನೆಯಲ್ಲಿ ಮಾತ್ರ ತಿಳಿಯುತ್ತದೆ. ತೂಕದಲ್ಲಿ ಒಂದು ಗುಲಗಂಜಿ ಕಡಿಮೆಯಾದರೂ ದೋಷವೆಂದು ಬಗೆಯುವ ವ್ಯಾಪಾರಿಯು ಇನ್ನೊಬ್ಬನ ಉಸಿರಿನ ಎರಡು ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಆ ತಕ್ಕಡಿ ಸರಿಯಾದುದಲ್ಲ.

ಕಲ್ಯಾಣಮಂಟಪಗಳನ್ನು ನಡೆಸುವ ದೇವಸ್ಥಾನಗಳ ಹಾಗೂ ಬಸದಿಗಳ ಆಡಳಿತ ಮಂಡಲಿಗಳು ಈ ವಿಷಯದಲ್ಲಿ ಮೇಲ್ಪಂಕ್ತಿಯಾಗಬಹುದು. ಪಾತ್ರೆ, ದೀಪಗಳ ದರದ ಫಲಕವಿರುವಲ್ಲಿಯೇ ವಾದ್ಯದ ಹೊತ್ತನ್ನೂ ಹೆಚ್ಚಿನ ಹೊತ್ತಿನ ದರವನ್ನೂ ವಾದ್ಯದವರನ್ನು ಕೇಳಿ ಬರೆಯಿಸಿದರೆ ಸಾಕು. ತಂಜಾವೂರಿನ ಅರಸನು ಕೊಳಗದ ಹೆಸರನ್ನೂ ಬಿಡದೆ ಕಲ್ಲಿನಲ್ಲಿ ಕೆತ್ತಿಸಿದನು. ಇಂದಿನ ಗೃಹಸ್ಥರಿಗೆ ಅಷ್ಟು ಶ್ರಮ ಬೇಕಿಲ್ಲ. ಒಂದು ಹಾಳೆ ಕಾಗದವೇ ಸಾಕಾಗುತ್ತದೆ.