ವೃಷಭಾವತಿ ಕಲಿಸಿದ ಪಾಠ

ಬೇಲೂರು ತಾಲ್ಲೂಕಿನ ಮಾದಿಹಳ್ಳಿಯ ಸೀಮೆಗೆ ನೀರಿನ ಬೆಲೆ ಹೊಸದಲ್ಲ. ಹಳೇಬೀಡಿನಲ್ಲಿ ಕೆರೆಯ ಹೆಸರೇ ಹೊಯ್ಸಳ ರಾಜಧಾನಿಯ ಹೆಸರಾಯಿತು: ದೋರಸಮುದ್ರ. ಕೆಂಪೇಗೌಡರ ಬೆಂಗಳೂರೂ ಕೆರೆಗಳನ್ನು ನೆಚ್ಚಿಯೇ ಬೆಳೆಯಿತು. ಅಲ್ಲಿನ ವೃಷಭಾವತಿ ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟಿದವಳೆಂದು ಪ್ರತೀತಿ. ಹಿಂದೆ ಮಳೆಯ ನೀರನ್ನು ಮಣ್ಣು ಹೀರಿ, ಸೋಸಿ, ಮೆಲ್ಲನೆ ಹೊಳೆಗೆ ಬಿಡುತ್ತಿತ್ತು. ತೋಪು, ಗದ್ದೆಗಳ ಮೇಲೆ ಡಾಂಬರು ಹರಡಿದ ಮೇಲೆ ನೀರು ಇಂಗಲಿಲ್ಲ. ಬೀದಿಯ ಎಣ್ಣೆ, ಧೂಳು, ಕಸಗಳನ್ನು ಬಾಚಿಕೊಂಡು ಒಮ್ಮೆಗೇ ಹಳ್ಳಕ್ಕೆ ನುಗ್ಗಿತು. ಚರಂಡಿ, ಕಾರ್ಖಾನೆಗಳ ಕೊಳೆಯೂ ಕೂಡಿತು. ಅದೆಲ್ಲ ಹರಿದದ್ದು ಬಿಡದಿಯ ಬಳಿಯ ಬೈರಮಂಗಲದ ಕೆರೆಗೆ. ಮುಂದೆ ಅರ್ಕಾವತಿಗೆ, ಕಾವೇರಿಗೆ. ನಗರದ ಇನ್ನೊಂದು ಮಗ್ಗುಲಿನ ಬೆಳ್ಳಂದೂರು ಕೆರೆಯಲ್ಲಿ 2018ರಲ್ಲಿ ಬೆಂಕಿಯೇ ಹೊತ್ತಿತು! ಹೊಳೆ ಕೆಡುವುದು ಹೊಳೆಯಲ್ಲಲ್ಲ, ನಮ್ಮ ಅಂಗಳದಲ್ಲಿ. ಬೆಳೆಯುತ್ತಿರುವ ಸಣ್ಣ ಊರುಗಳು ಇದನ್ನು ಈಗಲೇ ಅರಿತರೆ, ಅವುಗಳ ಹಳ್ಳಗಳಾದರೂ ಉಳಿದಾವು.