ದ್ರಾಕ್ಷಿಯ ಗೊಂಚಲು, ಮಣಿಯ ಸರ

ಹೆರಿಗೆ ಹೆಣ್ಣಿಗೆ ಮರುಹುಟ್ಟು ಎಂಬುದು ನಮ್ಮ ಹಿರಿಯರ ಮಾತು. ಅದರಲ್ಲಿ ಅಲಂಕಾರವೇನೂ ಇಲ್ಲ, ಅನುಭವವಿದೆ. ಮಗು ಸುಖವಾಗಿ ಹುಟ್ಟಿತು, ಮನೆಮನೆಗೆ ಸಕ್ಕರೆ ಹಂಚಿದ್ದಾಯಿತು. ಮೂರನೆಯ ದಿನ ತಾಯಿಗೆ ಚಳಿಜ್ವರ, ವಾರ ಕಳೆಯುವುದರೊಳಗಾಗಿ ತೊಟ್ಟಿಲ ಕೂಸು ತಬ್ಬಲಿ. ಇದನ್ನು ನಮ್ಮವರು ಬಾಣಂತಿಯ ನಂಜು ಎಂದರು, ವೈದ್ಯರು ಸೂತಿಕಾಜ್ವರವೆಂದರು. ರೋಗಕ್ಕೆ ಹೆಸರುಗಳಿಗೇನೂ ಕೊರತೆಯಿರಲಿಲ್ಲ. ಆದರೆ ಕೊಲ್ಲುತ್ತಿದ್ದುದು ಯಾವುದು, ಅದು ಬರುತ್ತಿದ್ದುದು ಎಲ್ಲಿಂದ ಎಂಬುದನ್ನು ಕಂಡುಹಿಡಿಯಲು ಸುಮಾರು ತೊಂಬತ್ತು ವರ್ಷಗಳೇ ಬೇಕಾದವು.

೧೮೪೭ರಲ್ಲಿ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಇಗ್ನಾಟ್ಸ್ ಸೆಮೆಲ್‌ವೈಸ್ ಎಂಬ ತರುಣ ವೈದ್ಯನು ಒಂದು ಸಂಗತಿಯನ್ನು ಗಮನಿಸಿದ. ಹೆಣ ಕೊಯ್ಯುವ ಕೋಣೆಯಿಂದ ವೈದ್ಯರೂ ವಿದ್ಯಾರ್ಥಿಗಳೂ ನೇರವಾಗಿ ಹೆರಿಗೆಯ ಕೋಣೆಗೆ ಬರುತ್ತಿದ್ದರು. ಆ ವರ್ಷ ಏಪ್ರಿಲ್ ತಿಂಗಳಲ್ಲಿ ಅವನ ವಿಭಾಗದಲ್ಲಿ ನೂರಕ್ಕೆ ೧೮ ಮಂದಿ ತಾಯಂದಿರು ಸತ್ತರು. ಮೇ ತಿಂಗಳ ನಡುವಿನಿಂದ ಎಲ್ಲರೂ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈ ತೊಳೆಯಬೇಕೆಂದು ಅವನು ಕಟ್ಟು ಮಾಡಿದ. ಜೂನ್ ತಿಂಗಳಲ್ಲಿ ಸತ್ತವರು ನೂರಕ್ಕೆ ಸುಮಾರು ಇಬ್ಬರು. ಇಷ್ಟಾದರೂ ಹಿರಿಯ ವೈದ್ಯರಲ್ಲಿ ಬಹುಮಂದಿ ಅವನನ್ನು ನಂಬಲಿಲ್ಲ. ‘ಕೈಯಲ್ಲಿ ಏನಿದೆ, ತೋರಿಸು’ ಎಂದು ಕೇಳಿದವರಿಗೆ ತೋರಿಸಲು ಅವನಲ್ಲಿ ಏನೂ ಇರಲಿಲ್ಲ. ೧೮೬೫ರಲ್ಲಿ ಅವನು ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡ.

ತೋರಿಸುವ ಕಾಲ ಬಂದದ್ದು ೧೮೭೯ರಲ್ಲಿ. ಪ್ಯಾರಿಸ್ಸಿನ ವೈದ್ಯ ಪರಿಷತ್ತಿನಲ್ಲಿ ಒಬ್ಬರು ಸೂತಿಕಾಜ್ವರದ ಕಾರಣವನ್ನು ಕುರಿತು ಭಾಷಣ ಮಾಡುತ್ತಿದ್ದರು. ಲೂಯಿ ಪಾಸ್ತರ್ ನಡುವೆ ಎದ್ದು ಹೋಗಿ ಕಪ್ಪು ಹಲಗೆಯ ಮೇಲೆ ಸಣ್ಣ ಸಣ್ಣ ಸೊನ್ನೆಗಳನ್ನು ಸರದ ಮಣಿಗಳಂತೆ ಬರೆದು, ಕಾರಣ ಇದು ಎಂದರು. ಸೂಕ್ಷ್ಮದರ್ಶಕದಲ್ಲಿ ಅವರು ಕಂಡಿದ್ದ ರೋಗಾಣುವಿನ ಆಕಾರ ಅದು.

ಅದೇ ಹೊತ್ತಿಗೆ ಸ್ಕಾಟ್ಲೆಂಡಿನ ಅಬರ್ಡೀನ್ ಊರಿನಲ್ಲಿ ಅಲೆಕ್ಸಾಂಡರ್ ಆಗ್‌ಸ್ಟನ್ ಎಂಬ ಶಸ್ತ್ರವೈದ್ಯರು ತಮ್ಮ ಮನೆಯ ಹಿಂದೆಯೇ ಒಂದು ಪುಟ್ಟ ಪ್ರಯೋಗಶಾಲೆ ಹೂಡಿಕೊಂಡು, ರೋಗಿಗಳ ಕುರು ಬಾವುಗಳ ಕೀವನ್ನು ಪರೀಕ್ಷಿಸುತ್ತಿದ್ದರು. ಕೀವಿನಲ್ಲಿ ಗುಂಡನೆಯ ರೋಗಾಣುಗಳು ಎರಡು ಬಗೆಯಾಗಿ ಕಂಡವು: ಕೆಲವು ಸರವಾಗಿ, ಕೆಲವು ಗೊಂಚಲಾಗಿ. ಸರಕ್ಕೆ ‘ಸ್ಟ್ರೆಪ್ಟೊಕಾಕಸ್’ ಎಂಬ ಹೆಸರನ್ನು ವಿಯೆನ್ನಾದ ಬಿಲ್‌ರೋಟ್ ೧೮೭೪ರಲ್ಲೇ ಕೊಟ್ಟಿದ್ದರು. ಗೊಂಚಲಿಗೆ ಹೆಸರು ಬೇಕಾಗಿತ್ತು. ಭಾಷೆಯ ಮೇಷ್ಟರಿಗೆ ಪ್ರಯೋಗಶಾಲೆಯಲ್ಲಿ ಕೆಲಸ ಬೀಳುವುದು ಅಪರೂಪ. ನಮ್ಮ ವೃತ್ತಿಯವರೊಬ್ಬರಿಗೆ ಆ ಭಾಗ್ಯ ದೊರೆತದ್ದನ್ನು ಹೇಳದೆ ನಾನು ಮುಂದೆ ಹೋಗಲಾರೆ. ಆ ಊರಿನ ಗ್ರೀಕ್ ಪ್ರಾಧ್ಯಾಪಕ ಗೆಡೆಸ್ ಅವರು ‘ಸ್ಟಾಫಿಲೆ’, ಎಂದರೆ ದ್ರಾಕ್ಷಿಯ ಗೊಂಚಲು, ಎಂಬ ಮಾತನ್ನು ಸೂಚಿಸಿದರು. ೧೮೮೨ರಲ್ಲಿ ‘ಸ್ಟಾಫಿಲೊಕಾಕಸ್’ ಎಂಬ ಹೆಸರು ಅಚ್ಚಾಯಿತು. ಕಾಕಸ್ ಎಂದರೆ ಕಾಳು.

ಆದರೆ ರೋಗಿಯ ಮಾಂಸದ ನಡುವೆ ಈ ಕಾಳುಗಳನ್ನು ಕಾಣುವುದು ಸುಲಭವಾಗಿರಲಿಲ್ಲ. ೧೮೮೪ರಲ್ಲಿ ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಇದಕ್ಕೆ ದಾರಿ ಮಾಡಿಕೊಟ್ಟರು. ಗಾಜಿನ ಪಟ್ಟಿಗೆ ನೇರಳೆ ಬಣ್ಣ ಹಾಕುವುದು, ಅದರ ಮೇಲೆ ಅಯೊಡಿನ್, ಬಳಿಕ ಮದ್ಯಸಾರದಲ್ಲಿ ತೊಳೆಯುವುದು. ಕೆಲವು ರೋಗಾಣುಗಳು ಬಣ್ಣ ಬಿಟ್ಟುಕೊಡುತ್ತವೆ; ಕೆಲವು ಹಿಡಿದುಕೊಂಡು ಕೂಡುತ್ತವೆ. ಹಿಡಿದುಕೊಳ್ಳುವವು ಗ್ರಾಮ್-ಪಾಸಿಟಿವ್. ಅವುಗಳ ಗೋಡೆ ದಪ್ಪ, ಬಣ್ಣ ಹೊರಗೆ ಬಾರದು. ಸರವೂ ಗೊಂಚಲೂ ಈ ಹಟಮಾರಿಗಳ ಗುಂಪಿನವು. ಗ್ರಾಮ್ ಸಂಕೋಚದ ಮನುಷ್ಯ. ತನ್ನ ವಿಧಾನದಲ್ಲಿ ಕುಂದುಗಳಿವೆಯೆಂದು ತಾನೇ ಬರೆದುಕೊಂಡರು. ಅದು ಇಂದಿಗೂ ಪ್ರಯೋಗಶಾಲೆಗಳ ಮೊದಲ ಪಾಠ.

ಬಣ್ಣ ತಿಳಿದ ಮಾತ್ರಕ್ಕೆ ಗುಣ ತಿಳಿದಂತಾಯಿತೇ? ನಮ್ಮ ಚರ್ಮದ ಮೇಲೆ, ಗಂಟಲಿನಲ್ಲಿ, ಯಾವ ತಂಟೆಗೂ ಹೋಗದ ನೇರಳೆ ಕಾಳುಗಳು ಬೇಕಾದಷ್ಟಿವೆ. ಸಾಧುವನ್ನೂ ಕಳ್ಳನನ್ನೂ ಬೇರ್ಪಡಿಸಲು ಪರೀಕ್ಷೆಗಳು ಒಂದೊಂದಾಗಿ ಹುಟ್ಟಿದವು. ಹೈಡ್ರೊಜನ್ ಪೆರಾಕ್ಸೈಡ್ ತೊಟ್ಟಿಕ್ಕಿದರೆ ಗೊಂಚಲಿನ ಜಾತಿ ನೊರೆಯೇಳಿಸುತ್ತದೆ, ಸರದ ಜಾತಿ ಸುಮ್ಮನಿರುತ್ತದೆ. ಗೊಂಚಲಿನವುಗಳಲ್ಲಿ ಕೀವು ಹಿಡಿಸುವ ಹೊಂಬಣ್ಣದ ತಳಿ ರಕ್ತದ ತಿಳಿಯನ್ನು ಮೊಸರಿನಂತೆ ಹೆಪ್ಪುಗಟ್ಟಿಸುತ್ತದೆ. ಸರದ ಜಾತಿಯನ್ನು ರಕ್ತ ಬೆರೆಸಿದ ಅಗರ್ ತಟ್ಟೆಯಲ್ಲಿ ಬೆಳೆಸಿದರೆ, ಕೆಲವು ತಳಿಗಳು ಸುತ್ತಲಿನ ರಕ್ತವನ್ನು ಕರಗಿಸಿ ತಿಳಿಯಾದ ಬಳೆಯೊಂದನ್ನು ಮೂಡಿಸುತ್ತವೆಂದು ಹ್ಯಾಂಬರ್ಗಿನ ಷಾಟ್‌ಮುಲ್ಲರ್ ೧೯೦೩ರಲ್ಲಿ ತೋರಿಸಿದರು. ಬಾಣಂತಿಯರನ್ನು ಕೊಲ್ಲುತ್ತಿದ್ದ ಸರ ಈ ಬಳೆಯವುಗಳಲ್ಲಿ ಒಂದು.

ಇಲ್ಲಿ ಒಂದು ತೊಡಕು ಬಂತು. ಜ್ವರದ ಸುಳಿವೇ ಇಲ್ಲದ ಬಾಣಂತಿಯರಲ್ಲಿಯೂ ಬಳೆ ಮೂಡಿಸುವ ಸರ ಕಾಣಿಸುತ್ತಿತ್ತು. ಕಣ್ಣಿಗೆ ಎರಡೂ ಒಂದೇ. ಇದನ್ನು ಬಿಡಿಸಿದವರು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ರೆಬೆಕಾ ಲ್ಯಾನ್ಸ್‌ಫೀಲ್ಡ್. ರೋಗಾಣುವನ್ನು ಆಮ್ಲದಲ್ಲಿ ಕಾಯಿಸಿ, ಅದರ ಗೋಡೆಯ ಸಾರವನ್ನು ತೆಗೆದು, ಅದಕ್ಕೆಂದೇ ಸಿದ್ಧಪಡಿಸಿದ ಮೊಲದ ಸೀರಮ್ಮಿನೊಡನೆ ಅವರು ಸೇರಿಸಿದರು. ಸರಿಯಾದ ಜೋಡಿ ಸಿಕ್ಕರೆ ತಿಳಿಯಾದ ನಳಿಕೆ ಮಸುಕಾಗುತ್ತಿತ್ತು. ೧೯೩೩ರಲ್ಲಿ ಅವರು ಈ ಸರಗಳನ್ನು ಎ, ಬಿ, ಸಿ ಎಂದು ಗುಂಪುಗಳಾಗಿ ವಿಂಗಡಿಸಿದರು. ೧೯೩೫ರಲ್ಲಿ ಅವರೂ ರೊನಾಲ್ಡ್ ಹೇರ್ ಅವರೂ ಬಾಣಂತಿಯರಿಂದ ತೆಗೆದ ತಳಿಗಳನ್ನು ಪರೀಕ್ಷಿಸಿದಾಗ, ಕಠಿಣವಾದ ನಂಜಿನವು ಬಹುತೇಕ ಎ ಗುಂಪಿಗೆ ಸೇರಿದ್ದವು. ಆರೋಗ್ಯವಾಗಿದ್ದ ತಾಯಂದಿರಲ್ಲಿ ಸಿಕ್ಕವು ಸಾಮಾನ್ಯವಾಗಿ ಬೇರೆ ಗುಂಪುಗಳವು.

ಅದೇ ವರ್ಷ ಲಂಡನ್ನಿನ ಡೋರಾ ಕೋಲ್‌ಬ್ರುಕ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಜ್ವರ ಬಂದ ತಾಯಿಯ ದೇಹದಲ್ಲಿದ್ದ ತಳಿಯೇ ಅನೇಕ ಸಲ ಹೆರಿಗೆ ಮಾಡಿಸಿದವರ ಮೂಗು ಗಂಟಲುಗಳಲ್ಲಿ, ಇಲ್ಲವೆ ಆ ತಾಯಿಯ ಗಂಟಲಿನಲ್ಲಿಯೇ ಇತ್ತೆಂದು ಅವರು ತೋರಿಸಿದರು. ಕೈ ತೊಳೆದರೆ ಸಾಲದು, ಬಾಯಿ ಮೂಗುಗಳನ್ನೂ ಮುಚ್ಚಬೇಕು ಎಂಬುದಕ್ಕೆ ಸಾಕ್ಷಿ ದೊರೆಯಿತು. ಸೆಮೆಲ್‌ವೈಸನನ್ನು ಕೇಳಿದ್ದ ಪ್ರಶ್ನೆಗೆ ಪೂರ್ಣ ಉತ್ತರ ಬಂದದ್ದು ಅವನು ಸತ್ತು ೭೦ ವರ್ಷಗಳಾದ ಮೇಲೆ. ೧೯೩೬ರಲ್ಲಿ ಡೋರಾ ಅವರ ಸೋದರ ಲಿಯೊನಾರ್ಡ್, ಪ್ರಾಂಟೊಸಿಲ್ ಎಂಬ ಕೆಂಪು ಮದ್ದನ್ನು ೩೮ ಮಂದಿ ಬಾಣಂತಿಯರಿಗೆ ಕೊಟ್ಟಾಗ ಸತ್ತವರು ೩ ಮಂದಿ ಮಾತ್ರ. ಆಮೇಲೆ ಪೆನಿಸಿಲಿನ್ ಬಂತು.

ಕಥೆ ಇಲ್ಲಿಗೆ ಮುಗಿಯಿತೆನ್ನುವಂತಿಲ್ಲ. ತಾಯಿಗೆ ಅಷ್ಟಾಗಿ ಅಪಾಯವಿಲ್ಲವೆಂದುಕೊಂಡಿದ್ದ ಬಿ ಗುಂಪೂ ಕೊಲ್ಲಬಲ್ಲದೆಂದು ೧೯೩೮ರಲ್ಲಿಯೇ ತಿಳಿದುಬಂತು. ಅದು ನವಜಾತ ಶಿಶುಗಳ ದೊಡ್ಡ ಶತ್ರುವೆಂಬುದು ಮುಂದಿನ ದಶಕಗಳಲ್ಲಿ ಸ್ಪಷ್ಟವಾಯಿತು. ಗೊಂಚಲಿನ ಜಾತಿ ಪೆನಿಸಿಲಿನ್ನಿಗೆ ಬಗ್ಗದಾಗಿದೆ. ಎ ಗುಂಪಿನ ಸರ ಇಂದಿಗೂ ಅದಕ್ಕೆ ಮಣಿಯುತ್ತದೆ. ಆದ್ದರಿಂದ ಯಾವುದು ಯಾವುದೆಂದು ತಿಳಿಯುವ ಕೆಲಸ ಇಂದಿಗೂ ಜೀವ ಉಳಿಸುವ ಕೆಲಸವೇ. ಈಗ ದೊಡ್ಡ ಪ್ರಯೋಗಶಾಲೆಗಳಲ್ಲಿ ಬೆಳೆಸಿದ ರೋಗಾಣುವಿನ ಹೆಸರನ್ನು ಯಂತ್ರಗಳು ಕೆಲವೇ ನಿಮಿಷಗಳಲ್ಲಿ ಹೇಳುತ್ತವೆ. ಆದರೂ ಗ್ರಾಮ್ ಅವರ ನೇರಳೆ ಬಣ್ಣದ ಸೀಸೆ ಅಲ್ಲಿನ ಮೇಜಿನ ಮೇಲೆ ಇದ್ದೇ ಇರುತ್ತದೆ. ಗಂಟಲು ನೋವೆಂದು ಅಳುವ ಮಗುವಿನ ಗಂಟಲನ್ನು ಒರೆಸಿದ ಹತ್ತಿಯ ಕಡ್ಡಿಯನ್ನು ಪರೀಕ್ಷೆಗೆ ಕಳುಹಿಸಿ, ಫಲಿತಾಂಶದ ಚೀಟಿಗಾಗಿ ಬೇಸರದಿಂದ ಕಾಯುವಾಗ, ಆ ಚೀಟಿಯ ಒಂದೊಂದು ಪದದ ಹಿಂದೆಯೂ ಎಷ್ಟು ತೊಟ್ಟಿಲುಗಳ ಕಥೆಯಿದೆಯೆಂಬುದನ್ನು ನಾವು ನೆನೆಯಬಹುದು.